ಪಿಸುದೊಡ್ಡಮ್ಮ ಮತ್ತು ಅರ್ಧಕ್ಕೆ ನಿಂತ ಮೌನ

ಪಿಸುದೊಡ್ಡಮ್ಮನ ಎದುರಿಗೆ ಮಾತನಾಡುವಾಗ ಯಾರೂ ನಡುವೆ ನಿಲ್ಲುವಂತಿರಲಿಲ್ಲ. ನಿಂತರೆ ಕೆಟ್ಟಿರಿ. ನಿಮ್ಮ ಮುಂದಿನ ಮಾತು ನಿಮ್ಮ ನಾಲಗೆಗೆ ಬರುವ ಮೊದಲೇ ಅವರ ತುಟಿಯಿಂದ ಹೊರಟು, ಸದ್ದಿಲ್ಲದೆ ತೇಲಿಬಂದು, ನಿಮ್ಮ ಕಿವಿಯೊಳಗೆ ಇಳಿದುಬಿಟ್ಟಿರುತ್ತಿತ್ತು. ಡಾಕ್ಟರು ಅವರ ನಾಡಿ ಹಿಡಿದು "ನಿಮಗೆ..." ಎಂದು ಕನ್ನಡಕ ಒರೆಸಿಕೊಳ್ಳುವಷ್ಟು ತಡೆದರೆ ಸಾಕು, "ರಕ್ತ ಕಡಿಮೆ" ಎಂದು ರೋಗಿಯೇ ರೋಗವನ್ನು ಎತ್ತಿಕೊಡುತ್ತಿದ್ದರು, ಡಾಕ್ಟರು ತಬ್ಬಿಬ್ಬಾಗಿ ಅದನ್ನೇ ಚೀಟಿಯಲ್ಲಿ ಬರೆಯುತ್ತಿದ್ದರು. ನೆಂಟರ ಮದುವೆಯೊಂದರಲ್ಲಿ, ತುಂಬಿದ ಸಭೆಯ ನಡುವೆ, "ಈ ಮದುವೆ ನಿನಗೆ ಒಪ್ಪಿಗೆಯೇ?" ಎಂದು ಹಿರಿಯರು ಕೇಳಿದಾಗ ವರಮಹಾಶಯ ಗಂಟಲು ಸರಿಮಾಡಿಕೊಳ್ಳಲು ಒಂದು ಗಳಿಗೆ ಸುಮ್ಮನಾದ. ಹಿಂದಿನ ಸಾಲಿನಿಂದ "ಒಪ್ಪಿಗೆ" ಎಂಬ ಪಿಸುಮಾತು ಬಂತು. ಅವನು ಕೇಳಿಸಿದ್ದನ್ನೇ ಒಪ್ಪಿಸಿದ. ಇವತ್ತಿಗೂ ಗಂಡಹೆಂಡಿರ ನಡುವೆ ಜಗಳವಾದಾಗಲೆಲ್ಲ "ಹೂಂ ಅಂದಿದ್ದು ನಾನಲ್ಲ, ದೊಡ್ಡಮ್ಮ" ಎಂದು ಅವನು ವಾದಿಸುತ್ತಾನಂತೆ.

ಪಿಸುಮಾತಲ್ಲದ ಬೇರೊಂದು ದನಿ ಆ ಗಂಟಲಿನಲ್ಲಿದೆ ಎಂಬುದಕ್ಕೆ ಮನೆಯಲ್ಲಿ ಯಾರ ಬಳಿಯೂ ಪುರಾವೆ ಇರಲಿಲ್ಲ. ಆದರೆ ಎಂಥ ಪಿಸುಮಾತು ಅದು! ಅಡುಗೆಮನೆಯಲ್ಲಿ ನಿಂತು ಬರೀ ಉಸಿರಿನಲ್ಲೇ "ಹಾಲು ಉಕ್ಕುತ್ತಿದೆ" ಎಂದರೆ ಮಹಡಿಯ ಮೇಲೆ ಮುಸುಕು ಹೊದ್ದು ಮಲಗಿದವರು ದಡಬಡಿಸಿ ಏಳುತ್ತಿದ್ದರು. ಪಕ್ಕದಲ್ಲೇ ಕೂತವರಿಗೆ, ಆ ಮಾತು ಅವರಿಗಾಗಿ ಅಲ್ಲದಿದ್ದರೆ, ಏನೂ ಕೇಳಿಸುತ್ತಿರಲಿಲ್ಲ. ನಡಿಗೆಯೂ ಹಾಗೆಯೇ ವಿಚಿತ್ರ. ವಿಶಾಲವಾದ ಬೀದಿಯಲ್ಲೂ ಅವರು ಭುಜವನ್ನು ಮುಂದುಮಾಡಿ, ಎರಡು ಪರದೆಗಳ ನಡುವೆ ನುಸುಳುವವರಂತೆ ಅಡ್ಡಡ್ಡವಾಗಿ ನಡೆಯುತ್ತಿದ್ದರು. ಚಪ್ಪಲಿಯ ಅಡಿಗೆ ಕಂಬಳಿಯ ತುಂಡು ಹೊಲಿದುಕೊಂಡಿದ್ದರಿಂದ ಅವರು ಬಂದದ್ದು ಯಾರಿಗೂ ತಿಳಿಯುತ್ತಿರಲಿಲ್ಲ; ಅವರು ಬಂದುನಿಂತ ಮೇಲೆ ಬೆಚ್ಚಿಬಿದ್ದು ತಿಳಿದುಕೊಳ್ಳಬೇಕಾಗಿತ್ತು.

ಮತ್ತೆ ಆ ಕೋಟು. ಬೇಸಿಗೆಯೇ ಇರಲಿ, ಚಳಿಯೇ ಇರಲಿ, ಮೊಣಕಾಲಿನ ತನಕ ಇಳಿದ ಒಂದು ಕಪ್ಪು ಉಣ್ಣೆಯ ಕೋಟನ್ನು ಅವರು ಮೈಯಿಂದ ತೆಗೆಯುತ್ತಿರಲಿಲ್ಲ. ಗುಂಡಿಗಳು ಬೆಳಕಿಗೆ ಮಿನುಗಬಾರದೆಂದು ಪ್ರತಿಯೊಂದರ ಮೇಲೂ ಕಪ್ಪು ಬಟ್ಟೆ ಹೊದಿಸಿ ಹೊಲಿದಿದ್ದರು. ಜೇಬಿನ ತುಂಬ ಪೆಪ್ಪರಮಿಂಟು. ಕಾಗದ ಬಿಚ್ಚುವಾಗ ಚರಪರ ಸದ್ದಾಗುತ್ತದೆಂದು ಎಲ್ಲವನ್ನೂ ಮೊದಲೇ ಬಿಚ್ಚಿ ಹಾಕಿಕೊಂಡಿರುತ್ತಿದ್ದರಾದ್ದರಿಂದ, ಅವರು ಪ್ರೀತಿಯಿಂದ ಕೊಟ್ಟ ಪೆಪ್ಪರಮಿಂಟಿನಲ್ಲಿ ಮೊದಲು ಕೋಟಿನ ಕೂದಲು, ಆಮೇಲೆ ಸಿಹಿ. ಮನೆಯ ಮಕ್ಕಳು ಎರಡಕ್ಕೂ ಒಗ್ಗಿಹೋಗಿದ್ದರು.

ಇದಕ್ಕೆಲ್ಲ ಕಾರಣ ಅವರ ಕಸುಬು. ದೊಡ್ಡಮ್ಮ ಊರಿನ ಹಳೆಯ ರಂಗಮಂದಿರದಲ್ಲಿ ಪ್ರಾಂಪ್ಟರ್ ಆಗಿದ್ದವರು. ರಂಗದ ಮುಂಭಾಗದ ಅಂಚಿನಲ್ಲಿ, ಹಲಗೆಯ ನೆಲದೊಳಗೆ, ಒಬ್ಬರು ಮುದುರಿ ಕೂರುವಷ್ಟು ಜಾಗದ ಒಂದು ಗೂಡು. ಪ್ರೇಕ್ಷಕರ ಕಡೆಗೆ ಅದನ್ನು ಮರೆಮಾಡುವ ಒಂದು ಕಮಾನು. ಅದರೊಳಗೆ ಇಳಿದು ಕೂತರೆ ಸಭೆಗೆ ನೀವಿಲ್ಲ; ನಟರಿಗೆ ಮಾತ್ರ ನಿಮ್ಮ ಮುಖವುಂಟು. ನಟ ಮಾತು ಮರೆತ ಕ್ಷಣದಲ್ಲಿ, ಅವನು ಮರೆತನೆಂದು ಜಗತ್ತಿಗೆ ಗೊತ್ತಾಗುವ ಮೊದಲೇ, ಆ ಮಾತನ್ನು ಅವನಿಗೆ ಎತ್ತಿಕೊಡುವುದು ಗೂಡಿನವರ ಕೆಲಸ. ಚಪ್ಪಾಳೆಯೆಲ್ಲ ಮೇಲಿನವರಿಗೆ. ಗೂಡಿನವರ ಹೆಸರು ಗೋಡೆಯ ಮೇಲಿನ ಯಾವ ಪ್ರಕಟಣೆಯಲ್ಲೂ ಬರುವುದಿಲ್ಲ.

ತಂಗಿಯ ಮನೆಯಲ್ಲೇ ಅವರ ವಾಸ. ಆ ತಂಗಿಯ ಮಗಳು ಚಿನಕುರುಳಿ. ಶಾಲೆಯ ಹಾಜರಿಯಲ್ಲಿ ಅವಳಿಗೆ ಬೇರೆ ಹೆಸರಿತ್ತು. ಆದರೆ ಬಾಯಿ ತೆರೆದರೆ ಮುಚ್ಚದ ಹುಡುಗಿಯನ್ನು ಆ ಹೆಸರಿನಿಂದ ಕರೆಯುವ ತಾಳ್ಮೆ ಯಾರಿಗಿತ್ತು? ಎಲ್ಲರ ತಲೆ ತಿನ್ನುವ ಆ ಹುಡುಗಿಯೆಂದರೆ ದೊಡ್ಡಮ್ಮನಿಗೆ ಪ್ರಾಣ. ಕಾರಣ ಸರಳ: ಅವಳ ಮಾತಿನಲ್ಲಿ ತುಂಬಿಸಬೇಕಾದ ಸಂದೇ ಇರುತ್ತಿರಲಿಲ್ಲ. ಅವಳು ಮಾತನಾಡುತ್ತಿರುವಷ್ಟು ಹೊತ್ತು ದೊಡ್ಡಮ್ಮನ ತುಟಿಗಳಿಗೆ ವಿಶ್ರಾಂತಿ.

ಒಂದೇ ಒಂದು ವಿಷಯ ಚಿನಕುರುಳಿಗೆ ಅರ್ಥವಾಗುತ್ತಿರಲಿಲ್ಲ. ದೊಡ್ಡಮ್ಮ ಈಗಲೂ ದಿನಾ ರಂಗಮಂದಿರಕ್ಕೆ ಹೋಗುತ್ತಿದ್ದರು. ಆದರೆ ಗೂಡಿಗೆ ಇಳಿಯುತ್ತಿರಲಿಲ್ಲ. ಹಿಂಭಾಗದ ಉಡುಪಿನ ಕೋಣೆಯಲ್ಲಿ ಕೂತು, ಮಂತ್ರಿಯ ನಿಲುವಂಗಿಗೆ ಗುಂಡಿ ಹಾಕುತ್ತ, ರಾಕ್ಷಸನ ಮೀಸೆ ಬಾಚುತ್ತ ಇದ್ದುಬಿಡುತ್ತಿದ್ದರು. ರಂಗವನ್ನು ದಾಟಿ ಹೋಗಬೇಕಾಗಿ ಬಂದರೆ ಗೂಡಿದ್ದ ಕಡೆಗೆ ಮುಖ ತಿರುಗಿಸುತ್ತಲೂ ಇರಲಿಲ್ಲ. ಯಾಕೆಂದು ಕೇಳಿದರೆ ಅಮ್ಮ "ಸುಮ್ನಿರೇ" ಎನ್ನುತ್ತಿದ್ದಳು. ಚಿನಕುರುಳಿಗೆ ಅದೊಂದು ಬಿಟ್ಟು ಬೇರೆ ಏನು ಬೇಕಾದರೂ ಹೇಳಬಹುದಾಗಿತ್ತು.

ಆ ಸಲದ ರಜೆಯಲ್ಲಿ ಮಕ್ಕಳ ನಾಟಕವೊಂದನ್ನು ಆಡಿಸಲು ಹೊಸದಾಗಿ ಬಂದ ನಾಟಕದ ಮೇಷ್ಟ್ರು, ರಂಗಮಂದಿರದ ಕಪಾಟಿನಿಂದ ಒಂದು ಹಳೆಯ ನಾಟಕವನ್ನು ಆರಿಸಿದರು. ಯುದ್ಧಕ್ಕೆ ಹೋದ ರಾಜ, ಸೇನೆಯನ್ನೆಲ್ಲ ಕಳೆದುಕೊಂಡು, ಒಬ್ಬನೇ ಅರಮನೆಗೆ ಮರಳುತ್ತಾನೆ. ಬಾಗಿಲಲ್ಲಿ ಕಾದಿದ್ದ ಪುಟ್ಟ ಮಗಳು "ಅಪ್ಪಾ, ಗೆದ್ದೆವಾ, ಸೋತೆವಾ?" ಎಂದು ಕೇಳುತ್ತಾಳೆ. ರಾಜ ಉತ್ತರ ಕೊಡುತ್ತಾನೆ, ಪರದೆ ಇಳಿಯುತ್ತದೆ. ಮಗಳ ಪಾತ್ರ ಚಿನಕುರುಳಿಗೆ. ರಾಜನ ಪಾತ್ರ ಪಕ್ಕದ ಬೀದಿಯ ಗುಂಡನಿಗೆ. ಕಿರೀಟ ಅವನೊಬ್ಬನ ತಲೆಗೇ ಸರಿಹೊಂದಿತ್ತು, ಅರ್ಹತೆ ಅಷ್ಟೇ.

ಹಳೆಯ ರಂಗಮಂದಿರವನ್ನು ನೀವು ಮಧ್ಯಾಹ್ನದಲ್ಲಿ ನೋಡಬೇಕು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕಾಲಿಟ್ಟರೆ ಕಿಟಕಿಯಿಲ್ಲದ ಕತ್ತಲು. ಧೂಳು, ಗೋಂದು, ಹಳೆಯ ಮಖಮಲ್ಲು, ಎಲ್ಲ ಬೆರೆತ ಒಂದು ವಾಸನೆ. ಖಾಲಿ ಕುರ್ಚಿಗಳ ಸಾಲುಗಳು ಯಾರನ್ನೋ ಕಾಯುತ್ತಿರುವ ಹಾಗೆ ಹಿಂದಿನ ಗೋಡೆಯ ತನಕ ಹಬ್ಬಿವೆ. ಮಡಚುವ ಕುರ್ಚಿಗಳಾದ್ದರಿಂದ ಆಗೊಮ್ಮೆ ಈಗೊಮ್ಮೆ ಯಾವುದೋ ಒಂದು ತಾನಾಗಿ ಕಿರ್ರೆಂದು ಕೆಳಗಿಳಿಯುತ್ತದೆ. ಸ್ಪ್ರಿಂಗು ಸಡಿಲವಾಗಿರಬಹುದು. ಹಾಗೆಂದುಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದು.

ಮೊದಲನೆಯ ತಾಲೀಮಿನಲ್ಲೇ ಅದು ನಡೆಯಿತು. ಚಿನಕುರುಳಿ "ಅಪ್ಪಾ, ಗೆದ್ದೆವಾ, ಸೋತೆವಾ?" ಎಂದಳು. ಗುಂಡ ಬಾಯಿ ತೆರೆದ. ಅಷ್ಟರಲ್ಲಿ ರಂಗದ ಹಲಗೆಗಳ ಮೇಲೆ, ಯಾರೂ ಇಲ್ಲದ ಕಡೆಯಿಂದ, ಭಾರವಾದ ಪಾದರಕ್ಷೆಯ ಹೆಜ್ಜೆಗಳು ಒಂದೊಂದಾಗಿ ಬಂದು ಗುಂಡನ ಬೆನ್ನಹಿಂದೆ ನಿಂತವು. ಮೊಣಕಾಲಿನ ತನಕ ತಣ್ಣನೆಯ ಗಾಳಿ ಸುತ್ತಿಕೊಂಡಿತು. ಮುಖಕ್ಕೆ ಬಳಿಯುವ ಬಣ್ಣದ ವಾಸನೆ ಎದ್ದಿತು. ಆಮೇಲೆ ಒಂದು ನಿಟ್ಟುಸಿರು. ಅದು ಮಕ್ಕಳ ನಿಟ್ಟುಸಿರಲ್ಲ, ಬೆಕ್ಕಿನದ್ದಲ್ಲ, ಗಾಳಿಯದ್ದಂತೂ ಅಲ್ಲವೇ ಅಲ್ಲ. ದೊಡ್ಡ ಎದೆಯೊಂದರ ಆಳದಿಂದ ಬಂದ, ಕೊನೆಯ ಸಾಲಿನ ತನಕ ಮುಟ್ಟುವಂಥ ನಿಟ್ಟುಸಿರು.

ಕಿರೀಟ ಒಂದು ಕಡೆ ಉರುಳಿತು, ಗುಂಡ ಇನ್ನೊಂದು ಕಡೆ. ಸೈನಿಕರು ಈಟಿಗಳನ್ನು ಬಿಸಾಡಿ ಓಡಿದರು. ನಾಟಕದ ಮೇಷ್ಟ್ರು ಎಲ್ಲರಿಗಿಂತ ಮೊದಲು ಬೀದಿ ಸೇರಿಕೊಂಡು, ಅಲ್ಲಿಂದಲೇ ಧೈರ್ಯ ಹೇಳಿದರು: "ಗಾಳಿ ಕಣ್ರೋ, ಬರೀ ಗಾಳಿ! ಹೆದರ್ಕೋಬೇಡಿ!" ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಎಲ್ಲ ಸರಿಯಾಗಿ ನಡೆದು, ಆ ಪ್ರಶ್ನೆ ಬಂದ ಕೂಡಲೆ ಹೆಜ್ಜೆ, ಚಳಿ, ಬಣ್ಣದ ವಾಸನೆ, ನಿಟ್ಟುಸಿರು. ರಾಜನ ಉತ್ತರ ಒಮ್ಮೆಯೂ ಹೊರಬರಲಿಲ್ಲ.

ರಂಗಮಂದಿರದ ಬೀಗದ ಕೈ ಇದ್ದದ್ದು ಪರದೆ ಮಾಮನ ಬಳಿ. ಹರೆಯದಲ್ಲಿ ಪರದೆ ಎಳೆಯುವ ಕೆಲಸಕ್ಕೆ ಸೇರಿ, ಈಗ ಇಡೀ ಕಟ್ಟಡವನ್ನೇ ನೋಡಿಕೊಳ್ಳುತ್ತಿದ್ದ ಮನುಷ್ಯ. ಹಗ್ಗ ಎಳೆದೆಳೆದು ಅಂಗೈ ಹಲಗೆಯಾಗಿತ್ತು. ನಿಟ್ಟುಸಿರಿನ ಸುದ್ದಿ ಕೇಳಿದ್ದೇ ಅವರ ಮುಖ ಬಿಳಿಚಿಕೊಂಡಿತು. "ಮೇಷ್ಟ್ರೇ, ಈ ನಾಟಕ ಬೇಡ. ಬೇರೆ ಯಾವ್ದಾದ್ರೂ ಆಡ್ಸಿ, ಇಲ್ಲಾ ಬಿಟ್ಬಿಡಿ" ಎಂದರು. ನಾಟಕದ ದಿನ ಹತ್ತಿರವಾಗಿತ್ತು, ಬೇರೆ ನಾಟಕ ಕಲಿಸುವಷ್ಟು ಸಮಯ ಇರಲಿಲ್ಲ. ನಾಳೆಯೂ ಹೀಗೇ ಆದರೆ ನಿಲ್ಲಿಸಿಬಿಡೋಣ ಎಂದು ಮೇಷ್ಟ್ರು ಬೀದಿಯಲ್ಲೇ ನಿಂತು ತೀರ್ಮಾನ ಕೊಟ್ಟರು.

ಚಿನಕುರುಳಿ ಅಳುತ್ತ ಉಡುಪಿನ ಕೋಣೆಗೆ ಓಡಿದಳು. ಹೆಜ್ಜೆ, ಚಳಿ, ವಾಸನೆ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಪಿಸುದೊಡ್ಡಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದರು. "ಗೆದ್ದೆವಾ, ಸೋತೆವಾ ಅಂದ ತಕ್ಷಣ ಯಾರೋ ಉಸಿರು ಬಿಡ್ತಾರೆ ದೊಡ್ಡಮ್ಮಾ" ಎಂದಾಗ ದಾರ ಸೂಜಿಯ ಕಣ್ಣಿನ ಹತ್ತಿರ ನಿಂತಿತು.

"ರಾಜಪಾರ್ಟಿನವರು" ಎಂದರು ದೊಡ್ಡಮ್ಮ.

ಅಂದು ಅವರು ಹೇಳಿದ ಕಥೆ ಇಷ್ಟು. ಆ ರಂಗದ ಮೇಲೆ ರಾಜನ ಪಾತ್ರವೆಂದರೆ ಒಬ್ಬರೇ. ಅವರ ನಿಜವಾದ ಹೆಸರೇ ಜನಕ್ಕೆ ಮರೆತುಹೋಗಿ ರಾಜಪಾರ್ಟಿನವರೆಂದೇ ಕರೆಯುತ್ತಿದ್ದರು. ಇದೇ ನಾಟಕ, ಇದೇ ಪ್ರಶ್ನೆ. ಮಗಳು ಕೇಳಿದಳು. ರಾಜಪಾರ್ಟಿನವರು ಉತ್ತರ ಹೇಳದೆ ಸುಮ್ಮನೆ ನಿಂತರು. ಗೂಡಿನಲ್ಲಿದ್ದ ದೊಡ್ಡಮ್ಮನ ತುಟಿಯ ಮೇಲೆ ಮಾತು ಸಿದ್ಧವಾಗಿತ್ತು. ಆದರೆ ಆ ಮುಖ ನೋಡಿ ಅವರು ಮೈಮರೆತರು. ಇದು ಮರೆವಲ್ಲ, ಅಭಿನಯದ ಮೌನ ಎಂದುಕೊಂಡು ಬಾಯಿ ಕಟ್ಟಿಕೊಂಡು ಕೂತರು. ಮೌನ ಬೆಳೆಯಿತು. ಸಭೆಯಲ್ಲಿ ಯಾರೋ ಕೆಮ್ಮಿದರು, ಯಾರೋ ನಕ್ಕರು. ಅಷ್ಟರಲ್ಲಿ ಪರದೆ ದಬ್ಬನೆ ಬಿತ್ತು, ಹೊರಗೆ ಶಿಳ್ಳೆ ಎದ್ದಿತು. ರಾಜಪಾರ್ಟಿನವರು ಯಾರಿಗೂ ಒಂದು ಮಾತೂ ಹೇಳಲಿಲ್ಲ. ಬಣ್ಣ ಒರೆಸಿಕೊಂಡು, ಕಿರೀಟವನ್ನು ಸ್ಟೂಲಿನ ಮೇಲಿಟ್ಟು, ಊರು ಬಿಟ್ಟುಹೋದರು. ಮತ್ತೆ ಯಾವ ರಂಗವನ್ನೂ ಹತ್ತಲಿಲ್ಲ. ಕೆಲವು ಕಾಲದ ಮೇಲೆ ಎಲ್ಲೋ ದೂರದಲ್ಲಿ ತೀರಿಕೊಂಡರೆಂಬ ಸುದ್ದಿ ಬಂತು.

"ಅಷ್ಟು ದೊಡ್ಡ ನಟ ಮಾತು ಮರೆತ್ರು, ಗೂಡಲ್ಲಿದ್ದೋಳು ಬಾಯಿ ಬಿಡ್ಲಿಲ್ಲ ಅಂತ ಊರೆಲ್ಲ ಅಂದ್ರು. ಮೊದ್ಲು ನಾನು ಒಪ್ಪಿರ್ಲಿಲ್ಲ ಕಂದಾ. ಎಲ್ರೂ ಅಂದ್ಮೇಲೆ ಹೌದೇನೋ ಅನ್ಸ್ತು. ಆವತ್ತಿಂದ ಯಾರಾದ್ರೂ ಮಾತಿನ ಮಧ್ಯೆ ನಿಂತ್ರೆ ನನ್ನ ಎದೆ ಹೊಡ್ಕೊಳತ್ತೆ."

ಚಿನಕುರುಳಿಗೆ ಆಗ ಡಾಕ್ಟರ ಚೀಟಿ, ಮದುವೆಯ ಒಪ್ಪಿಗೆ, ಮನೆಯವರೆಲ್ಲ ಬಿದ್ದುಬಿದ್ದು ನಗುತ್ತಿದ್ದ ಎಲ್ಲವೂ ಒಮ್ಮೆಲೇ ನೆನಪಾಯಿತು, ನಗು ಮಾತ್ರ ಬರಲಿಲ್ಲ. ಎಂದೋ ಒಂದು ಮಾತನ್ನು ಎತ್ತಿಕೊಡದೆ ಉಳಿದವರು, ಅಂದಿನಿಂದ ಜಗತ್ತಿನ ಎಲ್ಲರಿಗೂ ಎಲ್ಲ ಮಾತನ್ನೂ ಎತ್ತಿಕೊಡುತ್ತಲೇ ಬಂದಿದ್ದರು.

"ಹಾಗಾದ್ರೆ ಅವ್ರು ಇನ್ನೂ ಆ ಮಾತಿಗೆ ಕಾಯ್ತಿದಾರೆ ದೊಡ್ಡಮ್ಮಾ. ನೀನು ಎತ್ಕೊಡ್ಬೇಕು, ಗೂಡಿಂದ್ಲೇ" ಎಂದಳು ಅವಳು.

"ನಾನು ಅಲ್ಲಿಗೆ ಇಳಿಯೋಲ್ಲ."

"ಇಳೀದಿದ್ರೆ ನಮ್ಮ ನಾಟಕ ಇಲ್ಲ. ಅವರ ನಾಟಕಾನೂ ಇಲ್ಲ."

ಪಿಸುದೊಡ್ಡಮ್ಮ ಸೂಜಿಯನ್ನು ದಿಂಬಿಗೆ ಚುಚ್ಚಿ ಎದ್ದರು. ಕೋಟಿನ ಗುಂಡಿಗಳನ್ನು ಕತ್ತಿನ ತನಕ ಹಾಕಿಕೊಂಡರು.

ರಂಗದ ಮೇಲೆ ಒಂದೇ ಒಂದು ದೀಪ ಹಾಕಿದ್ದರು. ಗುಂಡ ಕಿರೀಟವನ್ನು ಸ್ಟೂಲಿನ ಮೇಲಿಟ್ಟು, "ನಾನು ಇಲ್ಲಿಂದ್ಲೇ ಸಪೋರ್ಟ್ ಮಾಡ್ತೀನಿ" ಎಂದು ಹೊರಬಾಗಿಲ ಹತ್ತಿರ, ಓಡಲು ಅನುಕೂಲವಾಗುವಂತೆ ಒಂದು ಕಾಲು ಆಚೆಗಿಟ್ಟು ನಿಂತ. ಅವನ ಹಿಂದೆ, ಎರಡು ಕಾಲೂ ಆಚೆ, ಮೇಷ್ಟ್ರು. ಪರದೆ ಮಾಮ ಬೇಡಬೇಡವೆನ್ನುತ್ತಲೇ ಹಗ್ಗದ ಪಕ್ಕ ಬಂದು ನಿಂತರು. ರಂಗದಲ್ಲಿ ಬೇರೆಲ್ಲಿ ನಿಲ್ಲಬೇಕೆಂಬುದೇ ಅವರಿಗೆ ಗೊತ್ತಿರಲಿಲ್ಲ. ಪಿಸುದೊಡ್ಡಮ್ಮ ಭುಜ ಮುಂದುಮಾಡಿಕೊಂಡು ಬಂದು, ಗೂಡಿನ ಅಂಚಿನ ಧೂಳನ್ನು ಕೋಟಿನ ತೋಳಿನಿಂದ ಒರೆಸಿ, ಒಳಕ್ಕೆ ಇಳಿದರು. ಅವರು ಇಳಿದ ಕೂಡಲೆ ಕತ್ತಲು ಆ ಕೋಟನ್ನು ತನ್ನದೆಂದು ಗುರುತಿಸಿದಂತೆ ಮೈಯೆಲ್ಲ ಮರೆಯಾಗಿ, ಮುಖವೊಂದೇ ಉಳಿಯಿತು. ಆ ಮುಖದಲ್ಲಿದ್ದ ಗಾಂಭೀರ್ಯವನ್ನು ಚಿನಕುರುಳಿ ಮನೆಯಲ್ಲಿ ಎಂದೂ ಕಂಡಿರಲಿಲ್ಲ. ಇಷ್ಟು ದಿನ ತನಗೆ ಪೆಪ್ಪರಮಿಂಟು ಕೊಡುತ್ತಿದ್ದವರು ಇವರೇ ಏನು ಎಂದು ಅವಳಿಗೆ ಸೋಜಿಗವಾಯಿತು.

"ಅಪ್ಪಾ, ಗೆದ್ದೆವಾ, ಸೋತೆವಾ?" ರಂಗದ ಮೇಲಿನ ಅರಮನೆಯ ಖಾಲಿ ಬಾಗಿಲ ಕಡೆಗೆ ಚಿನಕುರುಳಿ ಕೇಳಿದಳು.

ಹೆಜ್ಜೆಗಳು ಬಂದವು. ಈ ಸಲ ಅವು ನೇರವಾಗಿ ಅವಳ ಮುಂದೆಯೇ ಬಂದು ನಿಂತವು. ಚಳಿಯೇರಿತು. ಬಣ್ಣದ ವಾಸನೆಯೊಳಗೆ ಬೆವರು, ತೊಗಲು, ದೂರದ ದಾರಿಯ ಧೂಳು. ಆಮೇಲೆ ಆ ನಿಟ್ಟುಸಿರು.

ಗೂಡಿನಿಂದ ಮಾತು ಎದ್ದಿತು. "ಮಗಳೇ, ನಾನು ಮನೆಗೆ ಬಂದೆ." ಉಸಿರಿಗಿಂತ ಸಣ್ಣದು, ಆದರೂ ಒಂದೊಂದು ಅಕ್ಷರವೂ ಬಿಡಿಬಿಡಿ. ಎಷ್ಟು ಕಾಲದಿಂದ ಆ ತುಟಿಯ ಮೇಲೆ ಕಾದಿತ್ತೋ!

ಮತ್ತೆ ನಿಟ್ಟುಸಿರು.

"ಮಗಳೇ, ನಾನು ಮನೆಗೆ..."

"ಶ್!"

ಏನು ಹೇಳಲಿ ಆ ಶ್‌ಕಾರವನ್ನು! ಅಟ್ಟದ ಧೂಳು ಉದುರಿತು. ಕುರ್ಚಿಗಳ ಒಂದು ಸಾಲು ಪಟಪಟನೆ ಮಡಚಿಕೊಂಡಿತು. ಬಾಗಿಲ ಬಳಿ ಮೇಷ್ಟ್ರಿದ್ದ ಜಾಗದಲ್ಲಿ ಬರೀ ಬಿಸಿಲಿತ್ತು. ಅವಸರದ ಪ್ರಾಂಪ್ಟರನ್ನು ದೊಡ್ಡ ನಟರು ಗದರಿಸುವ ಪರಿ ಅದು. ಗೂಡಿನಲ್ಲಿ ಕೂತವರಿಗೆ ಮಾತ್ರ ಅದರ ಅರ್ಥ ಗೊತ್ತು. ನಾನಿನ್ನೂ ಮುಗಿಸಿಲ್ಲ, ಸುಮ್ಮನಿರು, ಎಂದು.

ಪಿಸುದೊಡ್ಡಮ್ಮನ ಕಣ್ಣುಗಳು ಅಗಲವಾದವು. ಅವರ ಮುಖದ ಮೇಲೆ ಎಷ್ಟೋ ಕಾಲದ ಮಬ್ಬು ಸರಿದುಹೋಗುವುದನ್ನು ಚಿನಕುರುಳಿ ನೋಡುತ್ತಲೇ ಇದ್ದಳು. "ಮರೆತಿರ್ಲಿಲ್ಲ" ಎಂದರು ಅವರು, ತಮಗೆ ತಾವೇ. "ಇವ್ರು ಮರೆತೇ ಇರ್ಲಿಲ್ಲ. ಮುಗ್ಸೋಕೆ ಯಾರೂ ಬಿಡ್ಲಿಲ್ಲ."

ಅಂದು ಮುಗಿಯದೆ ಉಳಿದದ್ದು ಮಾತಲ್ಲ, ಮಾತಿನ ಮುಂಚಿನ ಮೌನ. ಅದನ್ನು ಮೊದಲು ಸಭೆ ಕೆಡಿಸಿತು, ಆಮೇಲೆ ಪರದೆ ಕೆಡಿಸಿತು, ಈಗ ದಿನವೂ ಮಕ್ಕಳು ಓಡಿಹೋಗಿ ಕೆಡಿಸುತ್ತಿದ್ದರು.

ಅಷ್ಟರಲ್ಲಿ ಪಕ್ಕದಿಂದ ಹಲ್ಲು ಕಟಕಟಿಸುವ ದನಿ: "ಅಕ್ಕಾ, ಎಳೆದ್ಬಿಡ್ಲಾ? ಎಳೆದ್ಬಿಡ್ತೀನಿ ಅಕ್ಕಾ!" ಪರದೆ ಮಾಮನ ಎರಡೂ ಕೈ ಹಗ್ಗದ ಮೇಲಿದ್ದವು.

"ಕೈ ತೆಗಿ!"

ಅದು ಪಿಸುಮಾತಲ್ಲ. ಆ ಗಂಟಲಿನಲ್ಲಿ ಅಂಥದೊಂದು ದನಿ ಇತ್ತೆಂಬುದಕ್ಕೆ ಅಂದು ಪುರಾವೆ ಸಿಕ್ಕಿತು, ಮತ್ತೆಂದೂ ಸಿಗಲಿಲ್ಲ. ಪರದೆ ಮಾಮ ಕೈ ಸುಟ್ಟುಕೊಂಡವರಂತೆ ಹಗ್ಗ ಬಿಟ್ಟರು.

ಆಮೇಲೆ ಮೌನ. ಒಂದು ಗಳಿಗೆಯ ಸಂದನ್ನೂ ಸಹಿಸಲಾರದ ಪಿಸುದೊಡ್ಡಮ್ಮ ಎರಡೂ ಅಂಗೈಗಳನ್ನು ಬಾಯಿಯ ಮೇಲೆ ಒತ್ತಿ ಹಿಡಿದು ಕೂತರು. ಬೆರಳುಗಳ ಹಿಂದೆ ತುಟಿ ಅದುರುತ್ತಿತ್ತು, ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೂ ಮಾತು ಹೊರಬರಲಿಲ್ಲ. ಹುಟ್ಟಿದಂದಿನಿಂದ ಬಾಯಿ ಮುಚ್ಚದ ಚಿನಕುರುಳಿಯೂ ಅವರನ್ನೇ ನೋಡಿಕೊಂಡು ಬಾಯಿ ಮುಚ್ಚಿ ನಿಂತಳು. ಮೊದಮೊದಲು ಅವಳಿಗೆ ಹೆದರಿಕೆಯಾಯಿತು. ಆಮೇಲೆ ಹೆದರಿಕೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಎದುರಿಗಿನ ಆ ಬರಿದಾದ ಜಾಗದಲ್ಲಿ ಏನೋ ತುಂಬುತ್ತ ಬಂತು: ಸವಾರನಿಲ್ಲದೆ ಮರಳಿದ ಕುದುರೆಗಳು, ಹೆಸರು ಹಿಡಿದು ಕೂಗಿದರೂ ಓಗೊಡದ ಗೆಳೆಯರು, ಮಗಳಿಗೆ ಸುಳ್ಳು ಹೇಳಬಾರದೆಂಬ ಹಟ, ನಿಜ ಹೇಳಲಾರದ ಸಂಕಟ, ಮತ್ತು ಇಷ್ಟೆಲ್ಲದರ ನಡುವೆ ಕಣ್ಣೆದುರು ನಿಂತ ಒಂದು ಪುಟ್ಟ ಮುಖ. ಇದೆಲ್ಲ ಯಾವ ಪ್ರತಿಯಲ್ಲೂ ಬರೆದಿರಲಿಲ್ಲ. ಇದು ಅಭಿನಯವೆಂದು, ಇದಕ್ಕಾಗಿಯೇ ಜನ ಕತ್ತಲಲ್ಲಿ ಬಂದು ಕೂರುತ್ತಾರೆಂದು ಅವಳಿಗೆ ಅಂದು ಗೊತ್ತಾಯಿತು.

ಮೌನ ಹಣ್ಣಾದ ಮೇಲೆ, ದಣಿದ, ಒಡೆದ, ಆದರೆ ಎಲ್ಲೂ ಎಡವದ ದನಿಯೊಂದು ಬಂತು.

"ಮಗಳೇ... ನಾನು ಮನೆಗೆ ಬಂದೆ."

ಗೂಡಿನಿಂದ ಚಪ್ಪಾಳೆ ಕೇಳಿಸಿತು. ಪ್ರಾಂಪ್ಟರ್ ಚಪ್ಪಾಳೆ ತಟ್ಟುವ ಪದ್ಧತಿ ಯಾವ ರಂಗದಲ್ಲೂ ಇಲ್ಲ. ಪಿಸುದೊಡ್ಡಮ್ಮ ಪದ್ಧತಿ ಮುರಿದು, ಅಳುತ್ತ, ನಗುತ್ತ, ಕೈ ನೋಯುವಂತೆ ತಟ್ಟಿದರು. ಚಿನಕುರುಳಿ ತಟ್ಟಿದಳು. ಬಾಗಿಲಲ್ಲಿ ಗುಂಡನೂ ತಟ್ಟಿದ; ಆಚೆಗಿದ್ದ ಅವನ ಕಾಲು ಯಾವಾಗಲೋ ಈಚೆಗೆ ಬಂದಿತ್ತು. ಚಳಿ ಮೆಲ್ಲಗೆ ಇಳಿಯಿತು. ಸ್ಟೂಲಿನ ಮೇಲಿದ್ದ ಕಿರೀಟ, ಯಾರೋ ಬಾಗಿ ವಂದಿಸುವಾಗ ಕೈ ತಾಗಿದಂತೆ, ಒಂದಿಷ್ಟು ಅಲುಗಿ ನಿಂತಿತು.

ಪರದೆ ಮಾಮ ಗೂಡಿನ ಅಂಚಿನಲ್ಲಿ ಕುಸಿದು ಕೂತಿದ್ದರು. "ಆವತ್ತು ಎಳೆದೋನು ನಾನೇ ಅಕ್ಕಾ. ಮರೆತ್ರು ಅಂದ್ಕೊಂಡೆ. ಮಾನ ಉಳ್ಸೋಣ ಅಂತ ಎಳೆದೆ."

ಅವರ ಹಲಗೆಯಾದ ಅಂಗೈಯಲ್ಲಿ ದೊಡ್ಡಮ್ಮ ಒಂದು ಪೆಪ್ಪರಮಿಂಟು ಇಟ್ಟರು. "ನಿನಗೂ ಭಯ ಆಗಿತ್ತು, ಜನಕ್ಕೂ ಭಯ ಆಗಿತ್ತು, ಆಮೇಲಾಮೇಲೆ ನನಗೂ ಆಯ್ತು. ಭಯ ಇಲ್ದೆ ನಿಂತಿದ್ದೋರು ಅವರೊಬ್ರೇ ಕಣಪ್ಪಾ."

ನಾಟಕದ ದಿನ ಸಭೆ ಕಿಕ್ಕಿರಿದಿತ್ತು. ಪಿಸುದೊಡ್ಡಮ್ಮ ಗೂಡಿನಲ್ಲಿದ್ದರು. ಚಿನಕುರುಳಿ ಕೇಳಿದಳು: "ಅಪ್ಪಾ, ಗೆದ್ದೆವಾ, ಸೋತೆವಾ?" ಗುಂಡ ಅವಳನ್ನು ನೋಡಿದ. ಕಿರೀಟದ ಕೆಳಗೆ ಅವನ ಮುಖ ಎಂಥ ದುಃಖದಿಂದ ಕಳೆಗುಂದಿತೆಂದರೆ, ಸಭೆಯ ಕೆಮ್ಮು ಕೂಡ ನಿಂತುಹೋಯಿತು. ಚಿನಕುರುಳಿ ಗೂಡಿನ ಕಡೆಗೆ ಕಣ್ಣು ಹಾಯಿಸಿದಳು. ದೊಡ್ಡಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತುಟಿ ಅಲುಗಿಸದೆ, ಮೈಮರೆತು ರಾಜನನ್ನೇ ನೋಡುತ್ತಿದ್ದರು. ಪರದೆ ಮಾಮ ಹಗ್ಗದಿಂದ ದೂರ ಕೈಕಟ್ಟಿ ನಿಂತಿದ್ದರು. ಮೌನ ಬೆಳೆದು ಬೆಳೆದು, ಇನ್ನು ತಾಳಲಾರೆವು ಎನ್ನುವಾಗ ಗುಂಡ "ಮಗಳೇ, ನಾನು ಮನೆಗೆ ಬಂದೆ" ಎಂದ. ಎದುರು ಸಾಲಿನಲ್ಲಿ ಡಾಕ್ಟರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಚಪ್ಪಾಳೆಗೆ ಅಟ್ಟದ ಉಳಿದ ಧೂಳೂ ಬಿತ್ತು.

ಒಳಗೆ ಬಂದ ಗುಂಡ ಬಿಸ್ಕತ್ತಿನ ತಟ್ಟೆಗೆ ಕೈ ಹಾಕುತ್ತ, "ಥ್ಯಾಂಕ್ಸ್ ದೊಡ್ಡಮ್ಮಾ. ಒಂದಕ್ಷರಾನೂ ನೆನಪಾಗ್ಲಿಲ್ಲ, ತಲೆ ಪೂರ್ತಿ ಖಾಲಿ. ನೀವು ಎತ್ಕೊಡ್ದೇ ಇದ್ದಿದ್ರೆ ಸತ್ತೇಹೋಗ್ತಿದ್ದೆ" ಎಂದ.

"ನಾನಾ?" ಎಂದರು ದೊಡ್ಡಮ್ಮ. "ನಾನು ಬಾಯೇ ತೆಗೀಲಿಲ್ಲ ಕಣೋ. ನೀನು ಅಭಿನಯ ಮಾಡ್ತಿದೀಯಾ ಅಂದ್ಕೊಂಡೆ."

ಗುಂಡನ ಬಿಸ್ಕತ್ತು ಬಾಯಿಯ ಹತ್ತಿರ ನಿಂತಿತು. "ಹಾಗಾದ್ರೆ ಹಿಂದ್ಗಡೆಯಿಂದ... ದಪ್ಪ ದನಿ... ಕಿವಿ ತಣ್ಣಗಾಯ್ತಲ್ಲ..."

ಈ ಸಲ ಯಾರೂ ಓಡಲಿಲ್ಲ. ಗುಂಡ ಅರ್ಧಕ್ಕೆ ಬಿಟ್ಟ ಮಾತನ್ನು ಯಾರೂ ತುಂಬಿಸಲಿಲ್ಲ, ಪಿಸುದೊಡ್ಡಮ್ಮ ಕೂಡ. ಹಿಂದೆ ಮಾಡದ ತಪ್ಪಿಗೆ ಇಷ್ಟು ಕಾಲ ನೊಂದವರು, ಇಂದು ಅದೇ ತಪ್ಪನ್ನು ನಿಜವಾಗಿಯೂ ಮಾಡಿದ್ದರು. ಮರೆವನ್ನು ಮೌನವೆಂದು ತಿಳಿದಿದ್ದರು. ಅದನ್ನು ಜಗತ್ತಿಗೆ ಗೊತ್ತಾಗದಂತೆ ಯಾರೋ ಮುಚ್ಚಿಹಾಕಿದ್ದರು. ದೊಡ್ಡಮ್ಮ ಸದ್ದಿಲ್ಲದೆ ರಂಗಕ್ಕೆ ಹೋಗಿ, ಗುಂಡ ಸ್ಟೂಲಿನ ಮೇಲೆ ತೆಗೆದಿಟ್ಟಿದ್ದ ಕಿರೀಟದ ಪಕ್ಕ ಒಂದು ಪೆಪ್ಪರಮಿಂಟು ಇಟ್ಟು ಬಂದರು. ಮರುದಿನ ಅದು ಅಲ್ಲಿರಲಿಲ್ಲ. ಇರುವೆಯಿರಬೇಕು ಎಂದು ಮೇಷ್ಟ್ರು ಬಾಗಿಲಾಚೆ ನಿಂತು ವಿವರಿಸಿದರು.

ಆಮೇಲೆ ದೊಡ್ಡಮ್ಮನ ಎದುರು ಜನ ತಡೆತಡೆದು ಮಾತನಾಡಬಹುದಾಯಿತು. ಡಾಕ್ಟರು "ನಿಮಗೆ..." ಎಂದು ನಿಲ್ಲಿಸಿ, ಕಾದು, ಯಾರೂ ಎತ್ತಿಕೊಡದ್ದರಿಂದ ಗಾಬರಿಗೊಂಡು, ಎಷ್ಟೋ ಕಾಲದ ಮೇಲೆ ಸ್ವಂತವಾಗಿ ರೋಗ ಕಂಡುಹಿಡಿಯಬೇಕಾಗಿ ಬಂತು. ಕಪ್ಪು ಕೋಟು, ಅಡ್ಡನಡಿಗೆ, ಕೂದಲಿನ ಪೆಪ್ಪರಮಿಂಟು ಮಾತ್ರ ಕೊನೆಯ ತನಕ ಹಾಗೇ ಇದ್ದವು.

ಈಗ ದೊಡ್ಡಮ್ಮ ಇಲ್ಲ. ಚಿನಕುರುಳಿ ದೊಡ್ಡ ನಟಿಯಾಗಿದ್ದಾಳೆ, ಗೂಡಿಲ್ಲದ ಹೊಸ ರಂಗಗಳಲ್ಲೂ ಆಡುತ್ತಾಳೆ. ಅವಳಿಗೂ ಒಮ್ಮೊಮ್ಮೆ ಮಾತು ಮರೆತುಹೋಗುವುದುಂಟು. ಆಗ ಅವಳು ಗಾಬರಿಯಾಗುವುದಿಲ್ಲ; ಸುಮ್ಮನೆ ನಿಂತು, ಕಾಲಿನ ಬಳಿಯ ಕತ್ತಲಿಗೆ ಕಿವಿಗೊಡುತ್ತಾಳೆ. ಅಲ್ಲಿ ಸಣ್ಣಗೆ ಪೆಪ್ಪರಮಿಂಟಿನ ವಾಸನೆ ಏಳುತ್ತದೆಂದು ಅವಳ ಮಾತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇನ್ನೊಬ್ಬರ ಮಾತನ್ನು ತಮ್ಮ ತುಟಿಯ ಮೇಲೆ ಕಾಪಾಡಿಕೊಂಡು, ತಮ್ಮದೆಂಬ ಒಂದು ಮಾತನ್ನೂ ಆಡದೆ ಕತ್ತಲಲ್ಲಿ ಕೂತಿರುವ ಜನ ಈ ಲೋಕದಲ್ಲಿ ಬಹಳ ಇದ್ದಾರೆ. ಬೆಳಕಿನಲ್ಲಿ ನಿಂತವರು ಎಡವದೆ ನಡೆಯುವುದು ಅವರಿಂದ. ಅಂಥವರೇ ಎಡವಿದ ದಿನ ಅವರಿಗೆ ಯಾರು ದಿಕ್ಕು ಎಂದು ನಮಗೆಲ್ಲ ಮರುಕ. ಆದರೆ ಅವರಿಗಿಂತ ಹಿಂದೆ, ಅವರಿಗಿಂತ ದಟ್ಟವಾದ ಕತ್ತಲಲ್ಲಿ, ಯಾರೋ ಅವರಿಗಾಗಿ ಬಾಯಿ ತೆರೆದು ಕಾದಿರುತ್ತಾರೆ.